ಟಚ್‌ಸ್ಕ್ರೀನ್ ಫೋನ್: ಶ್ರೇಯಸ್ಸು ಯಾರಿಗೆ?

1. ಕೆಪ್ಯಾಸಿಟಿವ್ ಸ್ಪರ್ಶಪರದೆ: ಇ.ಎ. ಜಾನ್ಸನ್, ಬ್ರಿಟನ್, 1965.
2. ಮೊದಲ ಟಚ್‌ಸ್ಕ್ರೀನ್ ಫೋನ್: ಐಬಿಎಂ ಸೈಮನ್, 1994. ಐಫೋನ್ (2007) ಅಲ್ಲ. ಅದು ಮಲ್ಟಿ-ಟಚ್ ಅನ್ನು ಜನಪ್ರಿಯಗೊಳಿಸಿತು.
3. ಭಾರತದ ಕೊಡುಗೆ, ಸಿಂಪ್ಯೂಟರ್: ಸರಳ, ಅಗ್ಗದ, ಬಹುಭಾಷಾ ಅಂಗೈ ಕಂಪ್ಯೂಟರ್.
• ರೂಪಿಸಿದವರು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರು; ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ.
• ಲಿನಕ್ಸ್, ಸ್ಟೈಲಸ್ ಪರದೆ, ಸ್ಮಾರ್ಟ್‌ಕಾರ್ಡ್.
• 2004: ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ ಸಿಂಪ್ಯೂಟರ್ ‘ಅಮಿಡಾ’. ಚಲನೆ ಗುರುತಿಸುವ ಅಕ್ಸೆಲೆರೋಮೀಟರ್ ಇದರಲ್ಲಿ ಐಫೋನ್‌ಗಿಂತ ಮೊದಲೇ ಇತ್ತು. ಈ ಶ್ರೇಯಸ್ಸು ನಮ್ಮವರಿಗೆ ಸಲ್ಲಲೇಬೇಕು.

ಗೊಂದಲ ಬೇಡ: ಸಿಂಪ್ಯೂಟರ್ ಮೊಬೈಲ್ ಫೋನ್ ಅಲ್ಲ. ಸಿಂಪ್ಯೂಟರ್ ಹುಟ್ಟಿದ್ದು ಬೆಂಗಳೂರಿನಲ್ಲಿ.

4. ‘ಟಚ್‌ಸ್ಕ್ರೀನ್ ಫೋನಿನ ಏಕೈಕ ಸಂಶೋಧಕ’ ಎಂಬ ಹೇಳಿಕೆ ಬಂದರೆ ತಪ್ಪೆಂದು ಗುರುತಿಸಿ.