ರೋಮನ್ ನಾಣ್ಯದಿಂದ ಪಾಲುದಾರಿಕೆ ಪತ್ರದವರೆಗೆ

ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಹಿಂದೆ ಚಿನ್ನದ ನಾಣ್ಯಗಳ ಒಂದು ನಿಧಿ ದೊರೆತಿತ್ತು. ಕ್ರಿ.ಶ. ಐದು ಮತ್ತು ಆರನೆಯ ಶತಮಾನಗಳಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಿಂದ ಆಳಿದ ರೋಮನ್ ಚಕ್ರವರ್ತಿಗಳ ಮುದ್ರೆಯುಳ್ಳ ನಾಣ್ಯಗಳು ಅದರಲ್ಲಿದ್ದವು. ಬನವಾಸಿಯ ಕದಂಬರು ಈ ಸೀಮೆಯನ್ನು ಆಳುತ್ತಿದ್ದ ಕಾಲವದು. ಅದಕ್ಕೂ ಹಿಂದಿನ ಕುರುಹುಗಳು ಕರ್ನಾಟಕದಲ್ಲಿ ಉಂಟು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿಯ ನಾಣ್ಯ ಸಿಕ್ಕಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕಾಮಗಾರಿಗಾಗಿ ನೆಲ ಅಗೆದಾಗಲೂ ರೋಮನ್ ಬೆಳ್ಳಿಯ ನಾಣ್ಯಗಳು ಹೊರಬಂದವು. ಎರಡನೆಯ ಶತಮಾನದಲ್ಲಿ ಭೂಗೋಳವನ್ನು ಬರೆದ ಟಾಲೆಮಿಯು ಬನವಾಸಿಯ ಹೆಸರನ್ನೇ ದಾಖಲಿಸಿದ್ದಾನೆ. ಮಾಸೂರು, ಹಿರೇಕೆರೂರು, ಹಾನಗಲ್ಲಗಳ ಈ ನೆಲವು ದೂರದ ರೋಮನ್ ಜಗತ್ತಿಗೆ ಅಪರಿಚಿತವಾಗಿರಲಿಲ್ಲ.

ರೋಮನ್ನರ ಕೊಡುಗೆಯೆಂದೊಡನೆ ನೆನಪಾಗುವುದು ಅವರ ರಸ್ತೆಗಳು, ಕಮಾನುಗಳು, ನೀರಿನ ಮೇಲ್ಗಾಲುವೆಗಳು. ಕಟ್ಟಿದವರು ಹೋದರೂ ಕಟ್ಟಡ ಉಳಿಯುತ್ತದೆ ಎಂಬುದನ್ನು ಮದಗದ ಕೆರೆಯ ದಂಡೆಯಲ್ಲಿ ಬದುಕುವ ಮಾಸೂರಿನ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ವರ್ತಕರ ಮಟ್ಟಿಗೆ ರೋಮನ್ನರ ಹೆಚ್ಚಿನ ಆಸ್ತಿ ಕಣ್ಣಿಗೆ ಕಾಣದಂಥದು. ಒಬ್ಬರನ್ನೊಬ್ಬರು ಅರಿಯದ ಜನರು ನಂಬಿಕೆಯಿಂದ ವ್ಯವಹರಿಸಲು ಬೇಕಾದ ನಿಯಮಗಳನ್ನು ಅವರು ಬರೆದಿಟ್ಟರು. ನಾಣ್ಯಗಳು ವಸ್ತುಸಂಗ್ರಹಾಲಯಗಳನ್ನು ಸೇರಿದವು. ನಿಯಮಗಳು ಇಂದಿಗೂ ಅಂಗಡಿಯ ಗದ್ದುಗೆಯಲ್ಲಿ, ಬ್ಯಾಂಕಿನ ಕಾಗದಪತ್ರಗಳಲ್ಲಿ, ಪಾಲುದಾರಿಕೆ ಪತ್ರಗಳಲ್ಲಿ ಕೆಲಸ ಮಾಡುತ್ತಿವೆ.

ಮೆಣಸಿನ ವ್ಯಾಪಾರ

ಇಂದು ಹಾವೇರಿ ಜಿಲ್ಲೆಯ ಹೆಸರು ಬ್ಯಾಡಗಿ ಮೆಣಸಿನಕಾಯಿಯೊಂದಿಗೆ ಬೆಸೆದುಕೊಂಡಿದೆ. ಮೆಣಸಿನಕಾಯಿಯು ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದ ಬೆಳೆ. ರೋಮನ್ನರು ಬಯಸಿದ್ದು ಪಶ್ಚಿಮ ಕರಾವಳಿಯ ಕರಿಮೆಣಸನ್ನು. ಪ್ಲಿನಿ ಎಂಬ ರೋಮನ್ ಲೇಖಕನು ಮೊದಲನೆಯ ಶತಮಾನದಲ್ಲಿ ಕರಿಮೆಣಸಿನ ಬೆಲೆಯನ್ನು ಒಂದು ರೋಮನ್ ಪೌಂಡಿಗೆ, ಎಂದರೆ ಸುಮಾರು 327 ಗ್ರಾಮಿಗೆ, 4 ದಿನಾರಿ ಎಂದು ಕೊಟ್ಟಿದ್ದಾನೆ. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗಳನ್ನು ರೋಮ್‌ನಿಂದ ಸೆಳೆದುಕೊಳ್ಳುತ್ತಿದೆ ಎಂದು ಅವನೇ ದೂರಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ದಿನಾರಿ.

ಈ ವ್ಯಾಪಾರಕ್ಕೆ ಬಂಡವಾಳ ಹೂಡುತ್ತಿದ್ದ ಬಗೆಯನ್ನು ತೋರಿಸುವ ಒಂದು ಪತ್ರ ವಿಯೆನ್ನಾದಲ್ಲಿದೆ. 1985ರಲ್ಲಿ ಪ್ರಕಟವಾದ, ಎರಡನೆಯ ಶತಮಾನದ ಈ ಪತ್ರವು ಕೇರಳದ ಮುಜಿರಿಸ್ ಬಂದರಿನ ವ್ಯಾಪಾರಕ್ಕೆ ಸಂಬಂಧಿಸಿದ ಸಾಲದ ಕರಾರು. ಹರ್ಮಾಪೊಲನ್ ಎಂಬ ಹಡಗು ತಂದ ಸರಕಿನ ಬೆಲೆಯ ಲೆಕ್ಕ ಅದರ ಹಿಂಬದಿಯಲ್ಲಿದೆ. ಸರಕು ಈಜಿಪ್ಟಿಗೆ ಬಂದ ಮೇಲೆ ಅದನ್ನು ಅಲೆಕ್ಸಾಂಡ್ರಿಯಾಕ್ಕೆ ಸಾಗಿಸಿ, ಸಾಲ ಕೊಟ್ಟವನ ವಶದಲ್ಲಿ ಅವನ ಮುದ್ರೆಯೊತ್ತಿ ಇಡಬೇಕು. ನಾಲ್ಕನೆಯ ಒಂದು ಭಾಗ, ಎಂದರೆ ಶೇ. 25ರಷ್ಟು ಸುಂಕ ತೆರಬೇಕು. ಸಾಲ ತೀರದಿದ್ದರೆ ಸರಕಿನ ಮೇಲೆ ಸಾಲಿಗನಿಗೆ ಹಕ್ಕು.

ಗೋದಾಮಿನಲ್ಲಿ ಗೋವಿನಜೋಳವನ್ನೋ ಹತ್ತಿಯನ್ನೋ ಇಟ್ಟು, ಬೀಗದ ಕೈಯನ್ನು ಬ್ಯಾಂಕಿಗೊಪ್ಪಿಸಿ ಸಾಲ ಪಡೆಯುವ ವರ್ತಕನಿಗೆ ಈ ಕರಾರು ಹೊಸದೆನಿಸದು. ಭಾರತದಲ್ಲಿ 2007ರ ಉಗ್ರಾಣ ಕಾಯಿದೆಯು ಗೋದಾಮಿನ ರಸೀದಿಗೆ ಕಾನೂನಿನ ಬಲ ನೀಡಿ, ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಅವಕಾಶ ಕಲ್ಪಿಸಿತು. ರೂಪ ಬದಲಾಗಿದೆ, ತತ್ವ ಅದೇ: ಸರಕೇ ಸಾಲದ ಭದ್ರತೆ, ಮತ್ತು ಆ ಭದ್ರತೆ ಬರವಣಿಗೆಯಲ್ಲಿರಬೇಕು.

ನಾಣ್ಯದ ಮಾನ

ದಕ್ಷಿಣ ಭಾರತದಲ್ಲಿ ದೊರೆತ ರೋಮನ್ ಬೆಳ್ಳಿಯ ನಾಣ್ಯಗಳಲ್ಲಿ ಹೆಚ್ಚಿನವು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳವು. ಅವು ಬಹುಮಟ್ಟಿಗೆ ಶುದ್ಧ ಬೆಳ್ಳಿಯವು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ನಾಣ್ಯದ ತೂಕವನ್ನೂ ಬೆಳ್ಳಿಯ ಅಂಶವನ್ನೂ ಇಳಿಸಿದನು. ಮುಂದಿನವರು ಅದೇ ದಾರಿ ಹಿಡಿದರು. ಮೂರನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಬೆಳ್ಳಿಯದೆಂದು ಚಲಾವಣೆಯಾಗುತ್ತಿದ್ದ ನಾಣ್ಯದಲ್ಲಿ ಬೆಳ್ಳಿಯು ಶೇ. 5ಕ್ಕಿಂತ ಕಡಿಮೆಯಾಗಿತ್ತು. ಬೆಲೆಗಳು ಏರಿದವು. ಡಯೊಕ್ಲೀಷಿಯನ್ ಚಕ್ರವರ್ತಿಯು ಕ್ರಿ.ಶ. 301ರಲ್ಲಿ ಸಾವಿರಕ್ಕೂ ಹೆಚ್ಚು ಸರಕು ಹಾಗೂ ಕೂಲಿಗಳಿಗೆ ಗರಿಷ್ಠ ದರ ಗೊತ್ತುಪಡಿಸಿ, ಮೀರಿದವರಿಗೆ ಮರಣದಂಡನೆಯೆಂದು ಸಾರಿದನು. ಬೆಲೆಯೇರಿಕೆಗೆ ವರ್ತಕರ ದುರಾಸೆಯೇ ಕಾರಣವೆಂದು ಆ ಶಾಸನ ದೂಷಿಸಿತು. ಹೆದರಿಕೆಯಿಂದ ಸರಕು ಪೇಟೆಗೆ ಬರುವುದೇ ನಿಂತಿತೆಂದು ಆ ಕಾಲದವನಾದ ಲಾಕ್ಟಾಂಟಿಯಸ್ ಬರೆದಿದ್ದಾನೆ.

ಬಳಿಕ ಬಂದ ಕಾನ್‌ಸ್ಟಾಂಟೈನ್ ಚಕ್ರವರ್ತಿಯು ಬೇರೆ ದಾರಿ ಹಿಡಿದನು. ಒಂದು ಪೌಂಡ್ ಚಿನ್ನಕ್ಕೆ 72ರಂತೆ, ಸುಮಾರು ನಾಲ್ಕೂವರೆ ಗ್ರಾಂ ತೂಕದ ‘ಸಾಲಿಡಸ್’ ನಾಣ್ಯವನ್ನು ಹೊರಡಿಸಿದನು. ಆ ನಾಣ್ಯ ಹನ್ನೊಂದನೆಯ ಶತಮಾನದವರೆಗೆ, ಎಂದರೆ ಸುಮಾರು ಏಳುನೂರು ವರ್ಷ, ತನ್ನ ಮಾನವನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಅಕ್ಕಿಆಲೂರಿನ ಮಣ್ಣಿಗೆ ಬಂದದ್ದು ಈ ಪರಂಪರೆಯ ಚಿನ್ನ. ಸಾವಿರಾರು ಮೈಲಿ ದೂರದ ಊರಿನವನು ಚಕ್ರವರ್ತಿಯ ಹೆಸರನ್ನು ಓದಲಾರನಾದರೂ ತೂಕವನ್ನು ನಂಬುತ್ತಿದ್ದನು. ಒಂದು ಸಂಸ್ಥೆಯ ಹೆಸರೂ ಹೀಗೆಯೇ: ತೂಕ ಇಳಿಸಿದ ಲಾಭ ಒಂದೆರಡು ವರ್ಷದ್ದು, ತೂಕ ಉಳಿಸಿದ ಹೆಸರು ತಲೆಮಾರುಗಳದ್ದು.

ಕಚ್ಚಾ ಚೀಟಿ ಮತ್ತು ಪಕ್ಕಾ ಖಾತೆ

ಕ್ರಿ.ಶ. 79ರ ಜ್ವಾಲಾಮುಖಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ, 1875ರಲ್ಲಿ, ಯುಕುಂಡಸ್ ಎಂಬ ಲೇವಾದೇವಿಗಾರನ ಮನೆಯಿಂದ ನೂರೈವತ್ತಕ್ಕೂ ಹೆಚ್ಚು ಮೇಣದ ಹಲಗೆಗಳು ದೊರೆತವು. ಹರಾಜಿನಲ್ಲಿ ಮಾಲು ಮಾರಿದವನಿಗೆ ತನ್ನ ದಲಾಲಿ ಕಳೆದು ಹಣ ಕೊಡುವುದು, ಕೊಂಡವನಿಂದ ವಸೂಲು ಮಾಡಿಕೊಳ್ಳುವುದು ಅವನ ಕಸುಬು. ಹಣ ಸಂದಿತೆಂಬ ರಸೀದಿ, ಸಾಕ್ಷಿಗಳ ಮುದ್ರೆ, ತಾರೀಖು ಈ ಹಲಗೆಗಳಲ್ಲಿವೆ. ಕೃಷಿ ಉತ್ಪನ್ನ ಮಾರುಕಟ್ಟೆಯ ಅಡತಿ ಅಂಗಡಿಯನ್ನು ಬಲ್ಲವರಿಗೆ ಯುಕುಂಡಸ್ ನೆರೆಮನೆಯವನಂತೆ ಕಾಣುತ್ತಾನೆ.

ರೋಮನ್ ಗೃಹಸ್ಥರು ದಿನದ ವ್ಯವಹಾರವನ್ನು ಮೊದಲು ಕಚ್ಚಾ ಟಿಪ್ಪಣಿಯಾಗಿ ಬರೆದು, ಬಳಿಕ ಜಮಾ ಮತ್ತು ಖರ್ಚಿನ ಖಾಯಂ ಪುಸ್ತಕಕ್ಕೆ ಏರಿಸುತ್ತಿದ್ದರು. ನಟನೊಬ್ಬನ ಪರ ವಾದಿಸುತ್ತ ಸಿಸಿರೋ ಎಂಬ ವಕೀಲನು ಇದನ್ನೇ ಹಿಡಿದು ಕೇಳಿದನು: ಹಣ ನಿಜವಾಗಿ ಬರಬೇಕಾಗಿದ್ದರೆ, ಆ ಬಾಬ್ತು ಇಷ್ಟು ದಿನ ಕಚ್ಚಾ ಟಿಪ್ಪಣಿಯಲ್ಲೇ ಏಕೆ ಉಳಿಯಿತು? ಖಾಯಂ ಪುಸ್ತಕಕ್ಕೆ ಏಕೆ ಏರಲಿಲ್ಲ? ಎರಡು ಸಾವಿರ ವರ್ಷಗಳ ಬಳಿಕವೂ ನ್ಯಾಯಾಲಯದಲ್ಲಿ ಎದುರುಪಕ್ಷದ ವಕೀಲರು ಕೇಳುವ ಪ್ರಶ್ನೆ ಇದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು, ಹಿಂದಿನ ಸಾಕ್ಷ್ಯ ಕಾಯಿದೆಯಂತೆಯೇ, ವ್ಯವಹಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಲೆಕ್ಕದ ಪುಸ್ತಕಗಳಿಗೆ ಬೆಲೆ ಕೊಡುತ್ತದೆ. ಅವುಗಳ ನಮೂದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದೂ ಹೇಳುತ್ತದೆ. ಖಾತೆಯ ಜೊತೆಗೆ ಬಿಲ್ಲು, ತೂಕದ ಚೀಟಿ, ಸಹಿ ಇರಬೇಕು.

ಜೋಡಿ ನಮೂದಿನ ಪದ್ಧತಿ ರೋಮನ್ನರದಲ್ಲ. ಅದು ಮಧ್ಯಯುಗದ ಇಟಲಿಯ ವರ್ತಕರದು. 1494ರಲ್ಲಿ ಪಚೋಲಿಯ ಗ್ರಂಥದಲ್ಲಿ ಅದು ಅಚ್ಚಾಯಿತು. ಆದರೆ ‘ಡೆಬಿಟ್’, ‘ಕ್ರೆಡಿಟ್’ ಎಂಬ ಪದಗಳು ರೋಮನ್ನರ ಲ್ಯಾಟಿನ್ ಭಾಷೆಯವು. ಮೊದಲನೆಯದರ ಮೂಲ ‘ಕೊಡಬೇಕಾಗಿರು’, ಎರಡನೆಯದರ ಮೂಲ ‘ನಂಬು’. ಉದ್ರಿ ಎಂದರೆ ನಂಬಿಕೆ ಎಂದೇ ಅರ್ಥ. ಮಾಸೂರಿನ ಬಸವರಸನ ಮಗನೆಂದು ಪರಂಪರೆ ಹೇಳುವ ಸರ್ವಜ್ಞನು ಸಾಲದ ಬಗ್ಗೆ ಆಡಿದ ಎಚ್ಚರಿಕೆಯ ಮಾತು ಈ ಸೀಮೆಯ ವರ್ತಕರಿಗೆಲ್ಲ ಬಾಯಿಪಾಠ. ಆ ಎಚ್ಚರಿಕೆಗೆ ಲೆಕ್ಕದ ಪುಸ್ತಕವೇ ಉತ್ತರ.

ನಿಯಮಗಳು ಬಂದ ದಾರಿ

ಜಸ್ಟಿನಿಯನ್ ಚಕ್ರವರ್ತಿಯು ಕ್ರಿ.ಶ. 529ರಿಂದ 534ರ ನಡುವೆ ರೋಮನ್ ಕಾನೂನನ್ನು ಸಂಗ್ರಹಿಸಿ ಹೊರತಂದನು. ಯುರೋಪಿನ ವಿಶ್ವವಿದ್ಯಾಲಯಗಳು ಅದನ್ನು ಓದಿದವು. ಇಂಗ್ಲೆಂಡಿನ ಕಾನೂನು ತನ್ನದೇ ದಾರಿಯಲ್ಲಿ ಬೆಳೆಯಿತಾದರೂ ವ್ಯಾಪಾರದ ವಿಷಯದಲ್ಲಿ ರೋಮನ್ ವಿಚಾರಗಳನ್ನು ಧಾರಾಳವಾಗಿ ತೆಗೆದುಕೊಂಡಿತು. ಮುಂದೆ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾದ ಸರ್ ವಿಲಿಯಂ ಜೋನ್ಸ್, ಪರರ ವಸ್ತುವನ್ನು ವಶದಲ್ಲಿಟ್ಟುಕೊಂಡವನ ಹೊಣೆಯ ಬಗ್ಗೆ 1781ರಲ್ಲಿ ಬರೆದ ಪ್ರಬಂಧಕ್ಕೆ ರೋಮನ್ ಕಾನೂನೇ ಮುಖ್ಯ ಆಧಾರ. 1872ರ ಕರಾರು ಕಾಯಿದೆ, 1930ರ ಸರಕು ಮಾರಾಟ ಕಾಯಿದೆ, 1932ರ ಪಾಲುದಾರಿಕೆ ಕಾಯಿದೆಗಳು ಇಂಗ್ಲಿಷ್ ಕಾನೂನಿನ ಮೂಲಕ ಈ ವಿಚಾರಗಳನ್ನು ಭಾರತಕ್ಕೆ ತಂದವು. ಇಲ್ಲಿ ಮೊದಲು ಏನೂ ಇರಲಿಲ್ಲವೆಂದು ಇದರ ಅರ್ಥವಲ್ಲ. ಧರ್ಮಶಾಸ್ತ್ರಗಳು ‘ಸಂಭೂಯ ಸಮುತ್ಥಾನ’ವೆಂಬ ಹೆಸರಿನಲ್ಲಿ ಕೂಡು ವ್ಯಾಪಾರವನ್ನು ವಿವರಿಸಿದ್ದವು. ಅಯ್ಯಾವೊಳೆಯ ಐನೂರ್ವರ ಶಾಸನಗಳು ಕನ್ನಡ ನಾಡಿನ ವರ್ತಕ ಸಂಘಗಳ ಶಕ್ತಿಯನ್ನು ಸಾರುತ್ತವೆ.

ಪಾಲುದಾರಿಕೆ

ರೋಮನ್ ಪಾಲುದಾರಿಕೆಗೆ ಬರವಣಿಗೆಯೇ ಬೇಕೆಂದಿರಲಿಲ್ಲ, ಒಪ್ಪಿಗೆ ಸಾಕಿತ್ತು. ಪಾಲು ಎಷ್ಟೆಂದು ಮಾತಾಗದಿದ್ದರೆ ಎಲ್ಲರಿಗೂ ಸಮಪಾಲು ಎಂದು ಗೇಯಸ್ ಎಂಬ ಶಾಸ್ತ್ರಜ್ಞನು ಎರಡನೆಯ ಶತಮಾನದಲ್ಲಿ ಬರೆದನು. ಪಾಲುದಾರನು ತೀರಿಕೊಂಡರೆ ಪಾಲುದಾರಿಕೆ ಮುಗಿಯಿತೆಂದೂ ಬರೆದನು. ಭಾರತದ ಪಾಲುದಾರಿಕೆ ಕಾಯಿದೆಯ 13ನೆಯ ಕಲಮು ಮೊದಲಿನ ಮಾತನ್ನೂ, 42ನೆಯ ಕಲಮು ಎರಡನೆಯ ಮಾತನ್ನೂ ಹೇಳುತ್ತವೆ. ಪಾಲುದಾರರು ಬೇರೆ ರೀತಿ ಕರಾರು ಮಾಡಿಕೊಂಡಿದ್ದರೆ ಭಾರತದಲ್ಲಿ ಆ ಕರಾರಿಗೆ ಮನ್ನಣೆಯುಂಟು.

ಇಲ್ಲಿಯೇ ಅನೇಕ ಕುಟುಂಬಗಳು ಎಡವುತ್ತವೆ. ಇಬ್ಬರು ಗೆಳೆಯರು ಮಾತಿನ ಮೇಲೆ ಜಿನ್ನಿಂಗ್ ಕಾರ್ಖಾನೆ ನಡೆಸಿದರೆಂದು ಭಾವಿಸಿರಿ. ಒಬ್ಬನ ಬಂಡವಾಳ ಮುಕ್ಕಾಲು, ಇನ್ನೊಬ್ಬನದು ಕಾಲು. ಲಾಭದ ಪಾಲು ಗೊತ್ತುಮಾಡಿದ್ದಕ್ಕೆ ಆಧಾರವಿಲ್ಲದಿದ್ದರೆ ಕಾನೂನಿನ ಕಣ್ಣಿನಲ್ಲಿ ಇಬ್ಬರಿಗೂ ಲಾಭ, ನಷ್ಟ ಸಮನು. ಒಬ್ಬನು ತೀರಿಕೊಂಡರೆ ಸಂಸ್ಥೆಯೂ ಮುಗಿಯುತ್ತದೆ. ಇಬ್ಬರೇ ಇರುವ ಸಂಸ್ಥೆಯಲ್ಲಿ ಒಬ್ಬನು ತೀರಿಕೊಂಡ ಮೇಲೆ ಹಳೆಯ ಪಾಲುದಾರಿಕೆ ಮುಂದುವರಿಯಲಾರದೆಂದು ಸೇಠ್ ಗೋವಿಂದರಾಮ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ಹೇಳಿತು. ಉಳಿದವನು ಮೃತನ ವಾರಸುದಾರರೊಂದಿಗೆ ಹೊಸದಾಗಿ ಪತ್ರ ಮಾಡಿಕೊಳ್ಳಬೇಕಾಗುತ್ತದೆ. ಸಂಸ್ಥೆ ನೋಂದಣಿಯಾಗಿರದಿದ್ದರೆ, 69ನೆಯ ಕಲಮಿನ ಪ್ರಕಾರ, ಕರಾರಿನ ಮೇಲಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಅದಕ್ಕೆ ಸಾಮಾನ್ಯವಾಗಿ ಹಕ್ಕಿಲ್ಲ.

ಅಂಗಡಿಯ ಮುಂದಿನ ಫಲಕ

ರೋಮನ್ನರು ಅಂಗಡಿಯನ್ನು ನೋಡಿಕೊಳ್ಳಲು ಮುನೀಮನನ್ನು ನೇಮಿಸಿದರೆ, ಅವನಿಗೆ ವಹಿಸಿದ ವ್ಯವಹಾರಕ್ಕೆ ಧಣಿಯೇ ಹೊಣೆ. ಈ ಮುನೀಮನೊಡನೆ ವ್ಯವಹರಿಸಬೇಡಿರೆಂದು ಹೇಳಬೇಕಾದರೆ ಅಂಗಡಿಯ ಮುಂದೆ ಫಲಕ ಹಾಕಬೇಕು. ಅದು ಸ್ಪಷ್ಟ ಅಕ್ಷರದಲ್ಲಿರಬೇಕು, ನೆಲದಿಂದಲೇ ಓದುವಂತಿರಬೇಕು, ಆ ಊರಿನ ಜನರ ಭಾಷೆಯಲ್ಲಿರಬೇಕು ಎಂದು ಉಲ್ಪಿಯನ್ ಎಂಬ ಶಾಸ್ತ್ರಜ್ಞನು ವಿಧಿಸಿದನು.

ಪಾಲುದಾರಿಕೆ ಕಾಯಿದೆಯ 72ನೆಯ ಕಲಮನ್ನು ಓದಿದರೆ ಉಲ್ಪಿಯನ್‌ನ ದನಿ ಕೇಳಿಸುತ್ತದೆ. ನೋಂದಾಯಿತ ಸಂಸ್ಥೆಯಿಂದ ಪಾಲುದಾರನು ಹೊರಬಂದರೆ ಅಥವಾ ಸಂಸ್ಥೆಯೇ ವಿಸರ್ಜನೆಯಾದರೆ ರಿಜಿಸ್ಟ್ರಾರರಿಗೆ ತಿಳಿಸಬೇಕು, ರಾಜಪತ್ರದಲ್ಲಿ ಪ್ರಕಟಿಸಬೇಕು, ಆ ಜಿಲ್ಲೆಯಲ್ಲಿ ಪ್ರಸಾರವಿರುವ ಒಂದು ದೇಶಭಾಷೆಯ ಪತ್ರಿಕೆಯಲ್ಲಾದರೂ ಪ್ರಕಟಣೆ ಕೊಡಬೇಕು. ಪ್ರಕಟಣೆಯಿಲ್ಲದೆ ಮನೆಯಲ್ಲಿ ಕುಳಿತು ‘ನಾನು ಬಿಟ್ಟೆ’ ಎಂದವನು, ಅವನನ್ನು ಪಾಲುದಾರನೆಂದೇ ತಿಳಿದಿದ್ದ ಹೊರಗಿನವರಿಗೆ, ಆಮೇಲಿನ ಸಾಲಕ್ಕೂ ಹೊಣೆಯಾಗಬೇಕಾದೀತು.

ಮಾರುವವನ ಹೊಣೆ

‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಲ್ಯಾಟಿನ್ ನುಡಿ ಪ್ರಸಿದ್ಧವಾಗಿದೆ. ಅದನ್ನು ಪ್ರಸಿದ್ಧಗೊಳಿಸಿದ್ದು ಇಂಗ್ಲಿಷ್ ಕಾನೂನು. ರೋಮ್‌ನ ಪೇಟೆ ಅಧಿಕಾರಿಗಳ ಆಜ್ಞೆ ಇದಕ್ಕೆ ವಿರುದ್ಧವಾಗಿತ್ತು. ಗುಲಾಮರನ್ನೋ ದನಗಳನ್ನೋ ಮಾರುವವನು ಅವುಗಳ ರೋಗ, ದೋಷಗಳನ್ನು ಮೊದಲೇ ಹೇಳಬೇಕು. ಮನುಷ್ಯರನ್ನೂ ಸರಕೆಂದು ಮಾರಿದ ಆ ಪೇಟೆಯ ಕ್ರೌರ್ಯವನ್ನು ಮರೆಯುವಂತಿಲ್ಲ. ದೋಷವನ್ನು ಮುಚ್ಚಿಟ್ಟು ಮಾರಿದರೆ ಕೊಂಡವನು ಆರು ತಿಂಗಳೊಳಗೆ ಹಿಂದಿರುಗಿಸಬಹುದಿತ್ತು, ಇಲ್ಲವೆ ಒಂದು ವರ್ಷದೊಳಗೆ ಬೆಲೆಯ ಇಳಿಕೆ ಕೇಳಬಹುದಿತ್ತು. ತನಗೆ ತಿಳಿದಿರಲಿಲ್ಲವೆಂದು ಮಾರಿದವನು ಜಾರಿಕೊಳ್ಳುವಂತಿರಲಿಲ್ಲ. ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ವಿನಾಯಿತಿಗಳೂ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಭಾರತದ ಕಾನೂನನ್ನು ಇದೇ ದಿಕ್ಕಿಗೆ ತಂದಿವೆ. ಬಿತ್ತನೆ ಬೀಜ, ಗೊಬ್ಬರ, ಪಂಪ್‌ಸೆಟ್ ಮಾರುವವರು ಇದನ್ನು ಮನನ ಮಾಡಿಕೊಳ್ಳುವುದು ಲೇಸು.

ಉಪಸಂಹಾರ

ಸಾಮ್ರಾಜ್ಯ ಅಳಿಯಿತು, ಸೇನೆ ಅಳಿಯಿತು, ನಾಣ್ಯ ಮಣ್ಣು ಸೇರಿತು. ನಂಬಿಕೆಯನ್ನು ಬರೆದಿಡುವ ಕ್ರಮ ಮಾತ್ರ ಉಳಿಯಿತು. ವರ್ತಕ ಬಾಂಧವರು ಈ ಆಸ್ತಿಯನ್ನು ಬಳಸಿಕೊಳ್ಳಲು ದೊಡ್ಡ ಸಿದ್ಧತೆಯೇನೂ ಬೇಕಿಲ್ಲ. ಪಾಲುದಾರಿಕೆ ಪತ್ರವನ್ನು ಹೊರತೆಗೆದು ಓದಬೇಕು, ಇಲ್ಲದಿದ್ದರೆ ಬರೆಸಬೇಕು. ಅದರಲ್ಲಿ ಪಾಲು, ಬಂಡವಾಳ, ನಿವೃತ್ತಿ, ಮರಣದ ಬಳಿಕದ ವ್ಯವಸ್ಥೆ, ಈ ನಾಲ್ಕೂ ಇರಬೇಕು. ಸಂಸ್ಥೆಯನ್ನು ನೋಂದಾಯಿಸಬೇಕು. ಅಂದಿನ ವ್ಯವಹಾರ ಅಂದೇ ಖಾತೆಗೆ ಏರಬೇಕು. ಬಿಟ್ಟುಹೋದ ಪಾಲುದಾರನ ವಿಷಯವನ್ನೂ, ಕೆಲಸದಿಂದ ತೆಗೆದ ಗುಮಾಸ್ತನ ವಿಷಯವನ್ನೂ ಗಿರಾಕಿಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಸ್ನೇಹವಿರುವಾಗ ಬರೆದ ಒಂದು ಪುಟವು, ಸ್ನೇಹ ಮುರಿದಾಗ ಎರಡು ಮನೆಗಳನ್ನು ಕೋರ್ಟು ಕಟ್ಟೆಯಿಂದ ಉಳಿಸಬಲ್ಲದು.