ಬೀಜದ ಮೊಳಕೆಯ ಶೇಕಡಾ ಲೆಕ್ಕವೂ ಗುಣಿಗೆ ಬೇಕಾದ ಕಾಳುಗಳೂ

ಬಿತ್ತನೆಯ ಬೀಜವು ನೂರಕ್ಕೆ ಇಷ್ಟು ಮೊಳೆಯುವುದೆಂದು ಹೇಳುವುದು ವಾಡಿಕೆ. ಈ ಒಂದು ಅಂಕಿಯಿಂದಲೇ ಹೊಲದಲ್ಲಿ ಎಷ್ಟು ಗುಣಿಗಳು ಬರಿದಾಗುವ ಸಂಭವವುಂಟೆಂಬುದನ್ನು ಬಿತ್ತುವುದಕ್ಕೆ ಮುಂಚೆ ಗಣಿಸಬಹುದು. ಗುಣಿಯಲ್ಲಿ ಊರುವ ತೊಗರಿಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ.

ಪರೀಕ್ಷೆ.— ಚೀಲದ ಮೇಲು, ನಡು, ಅಡಿ ಈ ಮೂರು ಕಡೆಗಳಿಂದಲೂ ಬೀಜವನ್ನು ತೆಗೆದು ಬೆರಸತಕ್ಕದ್ದು. ಒಳ್ಳೆಯದನ್ನೇ ಆರಿಸದೆ, ಕೈಗೆ ಬಂದಂತೆ 100 ಕಾಳುಗಳನ್ನು ಎಣಿಸಿ, ಒದ್ದೆಯ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆಯು ಒಣಗಕೂಡದು. ಹೊಸದಾಗಿ ಮೊಳೆಯುವುದು ನಿಂತ ಮೇಲೆ ಸರಿಯಾಗಿ ಮೊಳೆತವುಗಳನ್ನು ಎಣಿಸತಕ್ಕದ್ದು. ಇಂತಹ 4 ಗಂಟುಗಳನ್ನಿಟ್ಟು ಸರಾಸರಿ ತೆಗೆದರೆ ಲೆಕ್ಕವು ಹೆಚ್ಚು ನಂಬಿಕೆಗೆ ಅರ್ಹವಾಗುವುದು. ಭಾರತದ ಬೀಜ ದೃಢೀಕರಣ ನಿಯಮಗಳಲ್ಲಿ ತೊಗರಿಗೆ ಕನಿಷ್ಠ ಮೊಳಕೆಯು ಶೇಕಡ 75 ಎಂದು ಗೊತ್ತುಮಾಡಿದೆ.

ಗಣನೆ.— ನೂರಕ್ಕೆ 75 ಮೊಳೆತರೆ, ಒಂದು ಕಾಳು ಮೊಳೆಯದಿರುವ ಸಂಭವವು 100ಕ್ಕೆ 25, ಎಂದರೆ 4ಕ್ಕೆ 1. ಗುಣಿಗೆ ಎರಡು ಕಾಳು ಹಾಕಿದರೆ 75ಕ್ಕೆ 75 ಕೂಡಿ 150 ಆಯಿತು, ಒಂದಾದರೂ ತಪ್ಪದೆ ಹುಟ್ಟುವುದೆಂದು ಭಾವಿಸುವುದು ತಪ್ಪು. ನೂರಕ್ಕೆ ಮೀರಿದ ಸಂಭವವೆಂಬುದೇ ಇಲ್ಲ. ಇಲ್ಲಿ ಕೂಡತಕ್ಕದ್ದಲ್ಲ; ಮೊಳೆಯದಿರುವ ಪಾಲನ್ನು ಗುಣಿಸತಕ್ಕದ್ದು. 1,600 ಗುಣಿಗಳಲ್ಲಿ ಮೊದಲನೆಯ ಕಾಳು ಸುಮಾರು 400ರಲ್ಲಿ ಹುಸಿಯಾಗುವುದು. ಆ 400ರ ಪೈಕಿ ಎರಡನೆಯ ಕಾಳೂ ಹುಸಿಯಾಗುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆದಕಾರಣ ಬರಿದಾಗುವ ಗುಣಿಗಳು 100.

1,600 ಗುಣಿಗಳ ಪೈಕಿ ಬರಿದಾಗುವುವು:
ಶೇಕಡ 75 ಮೊಳೆಯುವ ಬೀಜ.— ಗುಣಿಗೆ 1 ಕಾಳಾದರೆ 400; 2 ಆದರೆ 100; 3 ಆದರೆ 25.
ಶೇಕಡ 50 ಮೊಳೆಯುವ ಬೀಜ.— 1 ಕಾಳಾದರೆ 800. 2 ಆದರೆ 400. 3 ಆದರೆ 200. 4 ಆದರೆ 100.

ಒಳ್ಳೆಯ ಬೀಜದ ಎರಡು ಕಾಳುಗಳಿಂದಾಗುವ ಕೆಲಸಕ್ಕೆ ಅರೆಮೊಳಕೆಯ ಬೀಜದಲ್ಲಿ ನಾಲ್ಕು ಬೇಕೆಂಬುದು ಇದರಿಂದ ವ್ಯಕ್ತವಾಗುವುದು. ಅಂತಹ ಬೀಜವು ಅರ್ಧ ಬೆಲೆಗೆ ದೊರೆತರೂ ಉಳಿತಾಯವೇನೂ ಇಲ್ಲ.

ಎಚ್ಚರಿಕೆ.— ಒಂದು ಕಾಳು ಕೆಡುವುದಕ್ಕೂ ಪಕ್ಕದ ಕಾಳು ಕೆಡುವುದಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ ಈ ಲೆಕ್ಕವು ಸರಿ. ತೇವ ಸಾಲದಿದ್ದರೆ, ಮೇಲ್ಮಣ್ಣು ಗಟ್ಟಿಯಾದರೆ, ಅಥವಾ ಹಕ್ಕಿಗಳು ಹೆಕ್ಕಿದರೆ ಗುಣಿಯ ಕಾಳುಗಳೆಲ್ಲವೂ ಒಟ್ಟಿಗೆ ನಷ್ಟವಾಗುವುವು. ಆದಕಾರಣ ಲೆಕ್ಕದಲ್ಲಿ ಬಂದುದಕ್ಕಿಂತ ಹೆಚ್ಚು ಗುಣಿಗಳು ಬರಿದಾಗಬಹುದೆಂದೇ ತಿಳಿಯತಕ್ಕದ್ದು.

ಗ್ರಾಮದ ಮುಖಂಡರೂ ಜಮೀನುದಾರರೂ ಬಿತ್ತನೆಗೆ ಸಾಕಷ್ಟು ಮುಂಚೆಯೇ ಈ ಪರೀಕ್ಷೆಯನ್ನು ಮಾಡಿಸಿದರೆ, ಕೆಟ್ಟ ಬೀಜವನ್ನು ಬದಲಾಯಿಸಲು ರೈತರಿಗೆ ಅವಕಾಶವಿರುವುದು.