ಏಕಾರದ ಮೇಲಿನ ಅಡ್ಡಗೆರೆ: ಹಾವೇರಿ ಪರಿಸರದ ಸ್ಥಳನಾಮಗಳ ರೋಮನ್ ಲಿಪ್ಯಂತರ

ಸ್ಥಳನಾಮಗಳ ಅಧ್ಯಯನದಲ್ಲಿ ಲಿಪ್ಯಂತರವನ್ನು ಕೇವಲ ತಾಂತ್ರಿಕ ಕಾರ್ಯವೆಂದು ಭಾವಿಸುವುದುಂಟು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯಹೊರಟಾಗ ಈ ಭಾವನೆ ನಿಲ್ಲುವುದಿಲ್ಲ. ಎಕಾರಕ್ಕೆ ಬಳಸುವ, ರೋಮನ್ ವರ್ಣಮಾಲೆಯ ಐದನೆಯ ಅಕ್ಷರದ ನೆತ್ತಿಯ ಮೇಲೆ ಎಳೆಯುವ ಅಡ್ಡಗೆರೆ ಕನ್ನಡಕ್ಕೆ ಏಕೆ ಅನಿವಾರ್ಯವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಅಕ್ಷರದ ಮೇಲಿನ ಚಿಹ್ನೆಗೆ ಎಲ್ಲ ಭಾಷೆಗಳಲ್ಲಿಯೂ ಒಂದೇ ಅರ್ಥವಿಲ್ಲ. ಲಾಟ್ವಿಯನ್ ಮತ್ತು ಮಾವೊರಿ ಭಾಷೆಗಳಲ್ಲಿ ಅಡ್ಡಗೆರೆಯು ದೀರ್ಘಸ್ವರವನ್ನು ಸೂಚಿಸಿದರೆ, ಚೀನೀ ಭಾಷೆಯ ಪಿನ್‌ಯಿನ್ ಬರೆಹದಲ್ಲಿ ಏರಿಳಿತವಿಲ್ಲದ ಎತ್ತರದ ಸ್ಥಾಯಿಯನ್ನು ಸೂಚಿಸುತ್ತದೆ. ಫ್ರೆಂಚ್‌ನ ಓರೆಗೆರೆಯು ಸ್ವರದ ಗುಣವನ್ನು ತಿಳಿಸುತ್ತದೆಯೇ ಹೊರತು ದೀರ್ಘತೆಯನ್ನಲ್ಲ. ಸಂಸ್ಕೃತದಲ್ಲಿ ಹ್ರಸ್ವ ಎಕಾರವಿಲ್ಲದ ಕಾರಣ ಅದರ ರೂಢಿಯ ಲಿಪ್ಯಂತರಕ್ಕೆ ಇಲ್ಲಿ ಗೆರೆಯೇ ಬೇಕಿಲ್ಲ. ಕನ್ನಡದಲ್ಲಾದರೋ ಎ-ಏ ವ್ಯತ್ಯಾಸ ಅರ್ಥಭೇದಕವಾದುದು. ಆದುದರಿಂದ ಸಂಸ್ಕೃತದ ಪದ್ಧತಿಯನ್ನು ಯಥಾವತ್ತಾಗಿ ಅನ್ವಯಿಸಿದರೆ ಹಾವೇರಿಯ ‘ವೇ’ ಹ್ರಸ್ವವೋ ದೀರ್ಘವೋ ತಿಳಿಯದು. 2001ರ ಐಎಸ್‌ಒ 15919 ಮಾನಕವು ಏಕಾರಕ್ಕೆ ಅಡ್ಡಗೆರೆಯನ್ನು ನಿಗದಿಪಡಿಸಿ ಈ ಕೊರತೆಯನ್ನು ನೀಗಿಸಿದೆ.

ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಿತ್ಯ ಬಳಕೆಯಾಗುವ ಬೆಲೆ, ಬೆಳೆ ಎಂಬ ಪದಗಳನ್ನೂ ಮನೆಮನೆಯ ಬೇಳೆಯನ್ನೂ ಚಿಹ್ನೆಗಳಿಲ್ಲದ ರೋಮನ್‌ನಲ್ಲಿ ಬರೆದರೆ ಮೂರೂ ಒಂದೇ ಆಗುತ್ತವೆ. ಳಕಾರಕ್ಕೆ ಕೆಳಚುಕ್ಕೆ, ಏಕಾರಕ್ಕೆ ಮೇಲ್ಗೆರೆ ಸೇರಿದಾಗಲೇ ಅವು ಬೇರ್ಪಡುವುದು. ಈ ಭಾಗದ ಆಡುಮಾತು ಬೇಳೆಯನ್ನು ‘ಬ್ಯಾಳಿ’, ಬೇಡ ಎಂಬುದನ್ನು ‘ಬ್ಯಾಡ’ ಎಂದು ಉಚ್ಚರಿಸುತ್ತ, ಹ್ರಸ್ವ-ದೀರ್ಘಗಳ ಅಂತರವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ.

ರಾಣೆಬೆನ್ನೂರಿನ ಸಮಸ್ಯೆ ಬೇರೆ ಬಗೆಯದು. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಎಂಬ ಮೂರು ರೂಪಗಳೂ ಕನ್ನಡ ಬರೆಹದಲ್ಲಿಯೇ ಕಾಣಸಿಗುತ್ತವೆ. ಇಲ್ಲಿ ಗೆರೆಯನ್ನು ಎಳೆಯುವುದಾಗಲಿ ಬಿಡುವುದಾಗಲಿ ಒಂದು ರೂಪದ ಪರವಾದ ತೀರ್ಮಾನವೇ ಆಗುತ್ತದೆ.

ಶಾಸನಗಳ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚು. ಹಳಗನ್ನಡ ಶಾಸನಗಳ ಲಿಪಿಯಲ್ಲಿ ಎಕಾರ-ಏಕಾರಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಚಿಹ್ನೆಗಳಿಲ್ಲ. ಮುದ್ರಿತ ಪಾಠದಲ್ಲಿ ಕಾಣುವ ದೀರ್ಘವು ಸಂಪಾದಕರ ಓದು, ಕಲ್ಲಿನ ಮೇಲಿನ ಗುರುತಲ್ಲ. ಅದನ್ನು ರೋಮನ್‌ಗೆ ತಂದಾಗ ಓದು ಸಾಕ್ಷ್ಯದಂತೆ ತೋರುವ ಅಪಾಯವಿದೆ. ಅಂತಹ ಸಾಕ್ಷ್ಯದ ಮೇಲೆ ಊರಿನ ಹೆಸರಿನ ನಿಷ್ಪತ್ತಿಯನ್ನು ಕಟ್ಟಿದರೆ ಬುನಾದಿಯೇ ಸಡಿಲವಾಗುತ್ತದೆ.

ಆದ್ದರಿಂದ ಸ್ಥಳನಾಮ ಸಂಗ್ರಹಕಾರರು ಕನ್ನಡ ಲಿಪಿಯ ರೂಪ, ಊರವರ ಉಚ್ಚಾರ ಹಾಗೂ ಚಿಹ್ನೆಸಹಿತ ರೋಮನ್ ರೂಪ ಈ ಮೂರನ್ನೂ ಬೇರೆಬೇರೆಯಾಗಿ ದಾಖಲಿಸುವುದು ಅವಶ್ಯ. ಗೆರೆ ಚಿಕ್ಕದು, ಆದರೆ ಅದನ್ನು ಎಳೆದವರು ಯಾವ ಆಧಾರದಿಂದ ಎಳೆದರೆಂಬುದು ಮುಂದಿನ ಸಂಶೋಧಕರಿಗೆ ತಿಳಿಯಬೇಕು.